ಕ್ರಮಸಂಖ್ಯೆ ಒಂಬತ್ತು

ನಾನು ಬರೆದುಕೊಳ್ಳುವವಳು, ಮತ ಹಾಕುವವಳಲ್ಲ.
ಅಬರ್ಡೀನಿನ ನಗರಸಭೆಯಲ್ಲಿ ಇಪ್ಪತ್ತೆರಡು ವರ್ಷದಿಂದ
ಕೆಮ್ಮು ಸೀನು ಬಿಟ್ಟು ಉಳಿದದ್ದನ್ನೆಲ್ಲ
ನಡಾವಳಿಗೆ ಇಳಿಸಿದ್ದೇನೆ.
ಕಡಲಹಕ್ಕಿಗಳು ಕಸದ ಚೀಲ ಹರಿಯುವ ವಿಷಯ, ಎಂಟನೆಯದು,
ಒಂದೂವರೆ ಗಂಟೆ ತಿಂದಿತು.
ಒಂಬತ್ತು: ಬಂದರಿನ ಬೀದಿಯಲ್ಲಿ
ಹೆಂಗಸರು ಬಟ್ಟೆ ಕಳಚಿ ಕುಣಿಯುವ ಕ್ಲಬ್ಬು
ಇರಬೇಕೋ, ಬೇಡವೋ.

ಫಾರ್ಕರ್ ಎದ್ದರು. ಮಾನ ಎಂದರು, ಏಳು ಸಲ.
ಒಂದು ಸಲ ಬರೆದೆ.
ಹೆಣ್ಣು ಸರಕಲ್ಲ ಎಂದರು. ಸರಿಯೇ.
ಹೆರಿಂಗ್ ಮೀನು ಸೀಳಿ ಸೀಳಿ
ನನ್ನಮ್ಮನ ಬೆರಳುಗಳನ್ನು ಉಪ್ಪು ತಿಂದಿತ್ತು,
ಆ ಬೆರಳುಗಳಿಗಾಗಿ ಯಾರೂ ಸಭೆ ಕರೆದಿರಲಿಲ್ಲ.
ಆದರೆ ಆ ಬೆರಳುಗಳನ್ನು
ಯಾರೂ ಕತ್ತಲಲ್ಲಿ ಕೂತು ಆಸೆಪಟ್ಟು ನೋಡಲಿಲ್ಲ.
ಅದು ಬೇರೆ.
ಬೇರೆಯೇ?
ಪೆನ್ನು ಒಂದು ಗಳಿಗೆ ನಿಂತು, ಮತ್ತೆ ಹೊರಟಿತು.

ಆಮೇಲೆ ಅವಳು ಬಂದಳು. ಇಲಿಂಕಾ.
ಡ್ಯಾನ್ಯೂಬ್ ದಂಡೆಯ ಗಲಾಟ್ಸಿಯವಳು,
ಕೊರಳವರೆಗೂ ಗುಂಡಿ ಹಾಕಿದ ದಪ್ಪ ಕೋಟು.
ಅಧ್ಯಕ್ಷೆ ಯಾವ ಕುಹಕವೂ ಇಲ್ಲದೆ,
'ಸ್ವಲ್ಪ ಬಿಚ್ಚಿ ಹೇಳಿ' ಎಂದುಬಿಟ್ಟರು.
ಸಭೆ ಒಳಗೊಳಗೇ ನಕ್ಕಿತು.
ಅವಳು ನಗಲಿಲ್ಲ. ಲೆಕ್ಕ ಬಿಚ್ಚಿದಳು:

ಕುಣಿಯುವ ಮುಂಚೆ ನೆಲದ ಬಾಡಿಗೆ ಎಂಬತ್ತು ಪೌಂಡು,
ನಾನೇ ಕೊಡಬೇಕು.
ಹತ್ತು ನಿಮಿಷ ತಡವಾದರೆ ದಂಡ. ಕೂತರೆ ದಂಡ.
ಬಿರುಗಾಳಿಗೆ ಹಡಗು ಬಾರದ ರಾತ್ರಿ
ಖಾಲಿ ಕುರ್ಚಿಗಳಿಗೆ ಕುಣಿದು
ಸಾಲ ಹೊತ್ತು ಮನೆಗೆ ಹೋಗುತ್ತೇನೆ.
ನೋಡುವವರಿಂದ ನನ್ನನ್ನು ಕಾಪಾಡಿ ಎಂದು ಕೇಳಿಲ್ಲ.
ನನಗೊಂದು ರಸೀದಿ ಕೊಡಿಸಿ.
ಆ ಬಾಗಿಲು ಮುಚ್ಚಿದಿರೋ,
ಬಾಗಿಲೇ ಇಲ್ಲದ ಕಡೆ ಕುಣಿಯುತ್ತೇನೆ,
ಅಲ್ಲಿ ಕಾವಲಿನವನೂ ಇರುವುದಿಲ್ಲ.

ಮಾನವೆಂದರೆ ಅಳತೆಯೂ ಹೌದಲ್ಲ,
ಫಾರ್ಕರ್ ಅದನ್ನು ಮರೆತಿದ್ದರು.

ಆದರೂ ಅವರು ಕೇಳಿದರು:
ನಾಳೆ ನಿಮ್ಮ ಮಗಳು ಇದೇ ಕೆಲಸಕ್ಕೆ ನಿಂತರೆ?

ಗೋಡೆಯ ಗಡಿಯಾರ ಒಂದು ಸುತ್ತು ಮುಗಿಸಿತು.
ಸಾಕ್ಷಿ ಉತ್ತರಿಸಲಿಲ್ಲ, ಎಂದು ಬರೆದೆ.
ಸೋತ ಮೌನವೋ, ಕೇಳಿ ಕೇಳಿ ಬೇಸತ್ತ ಮೌನವೋ,
ನಡಾವಳಿಯಲ್ಲಿ ಎರಡಕ್ಕೂ ಅದೇ ಪೂರ್ಣವಿರಾಮ.

ಇನ್ನು ಇದು ಎಲ್ಲಿಯೂ ದಾಖಲಾಗದ್ದು.
ನನ್ನ ಡೂಗಲ್ ಎಣ್ಣೆಬಾವಿಯಿಂದ
ಹದಿನೈದು ದಿನಕ್ಕೊಮ್ಮೆ ದಡಕ್ಕೆ ಬರುತ್ತಿದ್ದ.
ಒಮ್ಮೆ ಅವನ ಮಣಿಕಟ್ಟಿನ ಮೇಲೆ ನೇರಳೆ ಶಾಯಿಯ ಲಂಗರು,
ಆ ಕ್ಲಬ್ಬಿನ ಮುದ್ರೆ. ಸೋಪಿಗೆ ಹೋಗದ್ದು.
'ನೋಡಲು ಹೋಗುತ್ತೇವೆ ಅಂದುಕೊಂಡೆಯಾ?' ಎಂದ.
'ನಮ್ಮನ್ನು ಯಾರಾದರೂ ನೋಡಲಿ ಅಂತ ಹೋಗುತ್ತೇವೆ.'
ನಾನು ಒಲೆಯ ಬಳಿ ನಿಂತಿದ್ದೆ.
ಅವನ ಎದುರಿಗೇ.
ನೋಡುತ್ತಲೇ.

ಅಲ್ಲಿಯ ನೋಟಕ್ಕೆ ಇಪ್ಪತ್ತು ಪೌಂಡು, ನನ್ನದು ಬಿಟ್ಟಿ.
ಇಷ್ಟು ವರ್ಷ ಆ ಕಟ್ಟಡ ಸುಟ್ಟುಹೋಗಲಿ ಎಂದುಕೊಂಡವಳು ನಾನು.
ಒಳಗೆ ಇವಳಿದ್ದಾಳೆಂದು
ಒಮ್ಮೆಯೂ ಹೊಳೆದಿರಲಿಲ್ಲ.

ನಾಲ್ಕು ಪರ, ನಾಲ್ಕು ವಿರೋಧ, ಅಧ್ಯಕ್ಷೆ ತಟಸ್ಥ.
ವಿಷಯ ಮುಂದೂಡಲಾಗಿದೆ.

ಮೆಟ್ಟಿಲ ಮೇಲೆ ಸಮುದ್ರದ ಮಂಜು,
ಬೂದುಗಲ್ಲಿನ ಊರು ಅರ್ಧ ಅಳಿಸಿಹೋಗಿತ್ತು.
ಸಿಗರೇಟು ಹಚ್ಚುತ್ತ ಕೇಳಿದಳು:
'ನನ್ನ ಹೆಸರು ಹೇಗೆ ಬರೆದಿರಿ?'
ಸಾಕ್ಷಿ ಮೂರು ಎಂದು, ನಿಮ್ಮ ರಕ್ಷಣೆಗೆ, ಎಂದೆ.
ಆಗ ನಕ್ಕಳು, ಆ ದಿನದ ಮೊದಲ ನಗು:
'ಅಲ್ಲಿ ನಾನು ಸಫೈರ್. ಇಲ್ಲಿ ಮೂರು.'
ನನ್ನ ಪೆನ್ನು ಕಿತ್ತುಕೊಂಡು
ನನ್ನದೇ ಪುಸ್ತಕದ ಅಂಚಿನಲ್ಲಿ ಬರೆದಳು,
ಇಲಿಂಕಾ ತ್ಸುರ್ಕಾನು.
ಮನೆತನದ ಹೆಸರಿನ ಮೊದಲಕ್ಷರದ ಕೆಳಗೆ ಪುಟ್ಟದೊಂದು ಬಾಲ.
'ಇದು ಬಿಟ್ಟುಹೋದರೆ ಬೇರೆ ಯಾರೋ ಆಗುತ್ತೇನೆ.'

ಕಚೇರಿಯ ಯಂತ್ರದಲ್ಲಿ ಆ ಅಕ್ಷರವಿಲ್ಲ.
ಮುದ್ರಿಸಿದ ಮೇಲೆ
ಒಂಬತ್ತು ಪ್ರತಿಗಳಿಗೂ
ಒಂದೊಂದಾಗಿ ಕೈಯಿಂದಲೇ
ಬಾಲ ಎಳೆದೆ.