ಬಿಳಿ ನಾಲ್ಕು

ನಮ್ಮ ಬ್ಯಾಂಡಿಗೆ ಹೆಸರು ಕೊಟ್ಟದ್ದು ಮೋರಿ.
ಕೌಲ್ ಬಜಾರಿನ ಹಿಂದೆ ಜೀನ್ಸ್ ತೊಳೆದ ನೀರು
ಬೆಳಿಗ್ಗೆ ನೀಲಿ, ಮಧ್ಯಾಹ್ನ ಕಪ್ಪು,
ಸಂಜೆ ಹಂದಿಗಳ ಮೂತಿಯ ಮೇಲೆ ಮತ್ತೆ ನೀಲಿ.
ಗಾದಿಲಿಂಗ ಅದರೊಳಗೆ ಉಗಿದು
"ನೀಲಿ ಮೋರಿ" ಅಂದ.
ಆಯಿತು, ನಾಮಕರಣ.

ನಾಲ್ಕು ಜನ.
ಹಾಡುವವನು ಅವನು. ಎರ್ರಿಸ್ವಾಮಿ ಗಿಟಾರು,
ಅದರ ಆರನೇ ತಂತಿ ಬೈಕಿನ ಕ್ಲಚ್ ವೈರು.
ಮೌಲಾಲಿಯ ಡ್ರಮ್ಮು ಡ್ರಮ್ಮಲ್ಲ,
ದಾರ ಬಿಚ್ಚಿದ ಹೊಲಿಗೆ ಮಿಷಿನ್ನು,
ಎಡಗೈಯಲ್ಲಿ ಕತ್ತರಿ.
ನಾನು ಕ್ಯಾಸಿಯೋ.
ಗುಂತಕಲ್ಲಿನ ಚರ್ಚಿನವರು ಮಾರಿದ ಹಳೇದು,
ನಟ್ಟನಡುವೆ ಬಿಳಿ ನಾಲ್ಕು ಸತ್ತಿತ್ತು.
ಒತ್ತಿದರೆ ಟಕ್ ಅನ್ನುತ್ತಿತ್ತು, ಅಷ್ಟೆ.

ಕಂಟೋನ್ಮೆಂಟಿನ ಪಾದ್ರಿಯ ಮಗ
ಇಂಗ್ಲೆಂಡಿನ ಕ್ಯಾಸೆಟ್ಟೊಂದು ಕೊಟ್ಟಿದ್ದ, ಲೇಬಲ್ ಹರಿದದ್ದು.
ಅದರಲ್ಲಿ ಯಾರೋ ನಾಲ್ಕು ಜನ
ತಟ್ಟೆ ಬಿದ್ದ ಸದ್ದನ್ನೇ ಎಂಟು ನಿಮಿಷ ಬೆಳೆಸಿದ್ದರು.
ಟೇಪು ಸವೆಯುವ ತನಕ ಕೇಳಿ
ಜಗಳಾಡಿದೆವು: ಇದು ತಪ್ಪೋ, ಬೇಕಂತಲೋ?
ತೀರ್ಮಾನ ಆಗಲಿಲ್ಲ. ಅದೇ ನಮ್ಮ ಸಾಲಿ.

ಮೊದಲನೇ ಕ್ಯಾಸೆಟ್ಟು "ಝಿಪ್ಪು".
ರಾತ್ರಿ ಪಾಳಿ ಮುಗಿದ ಮೇಲೆ, ಕರೆಂಟು ಹೋಗುವ ಮೊದಲು,
ಆ ನಲವತ್ತು ನಿಮಿಷದ ಸಂದಿಯಲ್ಲಿ ಮಾಡಿದ್ದು.
ಮೂರನೇ ಹಾಡಿನ ನಡುವೆ ಕೇಳುವ ಕೂಗು
ಗಾದಿಲಿಂಗನದಲ್ಲ, ಓನರಿನದು.
ಇನ್ನೂರು ಕಾಪಿ. ಉಳಿದ ನೂರಾ ಎಪ್ಪತ್ತನ್ನು
ಎರ್ರಿಸ್ವಾಮಿಯ ಅವ್ವ
ಮಂಚದ ಕಾಲಿಗೆ ಎತ್ತರ ಕೊಟ್ಟಳು.

ಎರಡನೆಯದಕ್ಕೆ ಕೋಟೆ ಗುಡ್ಡ ಹತ್ತಿದೆವು,
ಲಾರಿ ಬ್ಯಾಟರಿ ಹೊತ್ತು.
ಮೌಲಾಲಿ ಮಿಷಿನ್ನನ್ನು ಸಿಂಬಿ ಇಟ್ಟು
ಕೊಡದ ಹಾಗೆ ತಲೆಮೇಲೆ ತಂದ.
ಬತ್ತಿದ ಕೊಳದೊಳಗೆ ಇಳಿದು ನುಡಿಸಿದರೆ
ಬಂಡೆ ನಮ್ಮದನ್ನೇ ನಮಗೆ
ತುಸು ತಡವಾಗಿ ವಾಪಸ್ಸು ಕೊಟ್ಟಿತು,
ಬಡ್ಡಿ ಕೇಳದೆ.

ಸಿರುಗುಪ್ಪದ ಮದುವೆಯಲ್ಲಿ ಹಿರಿಯರೊಬ್ಬರು ಎದ್ದು
"ಇದಿ ಪಾಟಾ, ರಿಪೇರಾ?" ಅಂದರು.
ಅಷ್ಟು ಖರೆ ವಿಮರ್ಶೆ ಮತ್ತೆ ಬರಲಿಲ್ಲ.
ದುಡ್ಡು ಕೊಡಲಿಲ್ಲ, ಊಟ ಹಾಕಿದರು.
ಕೊಪ್ಪಳದಲ್ಲಿ ಹನ್ನೊಂದು ಜನ ಕಾಲೇಜು ಹುಡುಗರು
ಕೊನೆತನಕ ಕೂತರು.
ಅದೇ ನಮ್ಮ ಶಿಖರ.

ಮೂರನೆಯದು ಆಗಲಿಲ್ಲ.
ಜಗಳವಾಡಿ ಒಡೆದೆವು ಅಂದರೆ ಒಂದು ಮರ್ಯಾದೆ ಇರುತ್ತಿತ್ತು.
ಕಾರ್ಖಾನೆಗೆ ಹೊಸ ಮೋಟಾರು ಬಂತು,
ಹೊಲಿದರೂ ಹೊಲಿದಂತೆ ಕೇಳದ್ದು.
ಮೌಲಾಲಿ ಒಂದು ತಿಂಗಳು ಅದರ ಮೇಲೆ ತಾಳ ಹುಡುಕಿದ.
ಒಂದು ಶುಕ್ರವಾರ ಬಂದು
"ಸದ್ದೇ ಇಲ್ಲಲೇ ಅದರಾಗ" ಅಂದ,
ಕತ್ತರಿ ನನ್ನ ಕೈಗಿಟ್ಟ.
ಗಾದಿಲಿಂಗ ಈಗ ತೋರಣಗಲ್ಲಿನ ಗೇಟಿನಲ್ಲಿ
ಲಾರಿ ನಂಬರು ಕೂಗುತ್ತಾನೆ.
ಗಂಟಲು ಹಾಗೇ ಇದೆ,
ಡ್ರೈವರುಗಳು ಹೊರಳಿ ನೋಡುತ್ತಾರಂತೆ.
ಎರ್ರಿಸ್ವಾಮಿ...
ಆ ಬೈಕಿನ ಮಾತು ಬೇಡ.

ಮೊನ್ನೆ ಗುಂಡಿ ಝಿಪ್ಪಿನ ನನ್ನ ಅಂಗಡಿಗೆ
ಸಿಂಧನೂರಿನ ಒಬ್ಬ ಹುಡುಗಿ ಬಂದಳು.
ಹುಲಿಗೆಮ್ಮ ಅಂತ ಹೆಸರು, "ಹುಲಿಗಿ ಅನ್ರಿ" ಅಂದಳು.
ಕೊಪ್ಪಳದ ಆ ಹನ್ನೊಂದರಲ್ಲಿ ಒಬ್ಬ ಅವಳ ಸೋದರಮಾವ.
ನಮ್ಮ "ಝಿಪ್ಪು" ಪೂರ್ತಿ ತಾನೇ ನುಡಿಸಿ
ಫೋನಿನಲ್ಲಿ ಹಿಡಿದು ತಂದಿದ್ದಳು.
ಕೀಬೋರ್ಡು ಹೊಸದು, ಎಲ್ಲ ಮನೆಯೂ ಜೀವಂತ.
ಆದರೂ ಬಿಳಿ ನಾಲ್ಕು ಬರುವಲ್ಲೆಲ್ಲ
ಬೆರಳೆತ್ತಿ, ಉಗುರಿನಿಂದ ಮೇಜಿಗೆ,
ಟಕ್.

"ಆ ಜಾಗದಾಗ ಸ್ವರಾನ ಬಿಟ್ಟೀರಿ ನೋಡ್ರಿ,
ಎದಿ ಝಲ್ಲ್ ಅಂತು.
ಹೆಂಗ ಹೊಳೀತ್ರೀ ನಿಮಗ?"

ಮೋರಿಯ ಬಣ್ಣ ನೋಡುವ ನೆಪದಲ್ಲಿ
ಬಾಗಿಲ ತನಕ ಹೋಗಿ ಬಂದೆ.
"ಬಾಳ ದಿನ ಯೋಚ್ನೆ ಮಾಡಿದ್ವಿ" ಅಂದೆ.