ಗಾಡಿ ಬಂತು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ
ಹಳದಿ ಬಾತುಕೋಳಿ ಪಾಟಿ.
ಇಂಪನ ಅದರಲ್ಲಿ ಮೊದಲು ಕೂರಿಸಿದ್ದು ಗೊಂಬೆಯನ್ನು,
ಆಮೇಲೆ ಎರಡು ಈರುಳ್ಳಿ, ನನ್ನ ಚಾರ್ಜರು.
ಆಮೇಲೆ ತಲೆಗೆ ಹಾಕಿಕೊಂಡು
ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನ ಉದ್ದಕ್ಕೂ ಮೆರವಣಿಗೆ.

ನೋಡಲು ಬಂದ ನಮ್ಮವ್ವ ನಕ್ಕಳು:
‘ನಿಂಗೆ ಎಲ್ಲಿತ್ತೇ ಬಾತುಕೋಳಿ?
ನನ್ನೆರಡು ಪಾದವೇ ನಿನ್ನ ಕಕ್ಕಸು.’
ಕಾಲು ಚಾಚಿ ಮೊಮ್ಮಗಳನ್ನು ಕೂರಿಸಿಕೊಂಡು
ಸ್ಸ್ಸ್... ಸ್ಸ್ಸ್... ಅಂದಳು, ಬಾಯಿ ಒಣಗುವವರೆಗೆ.
ಮಗು ಅವಳ ಕಾಲುಂಗುರ ಎಣಿಸಿತು,
ಒಂದು, ಎರಡು, ಏಳು,
ಎದ್ದು ಹೋಯಿತು.

ಹನ್ನೊಂದಕ್ಕೆ ಗೂಡ್ಸು ಬಂದು ಲೂಪ್ ಲೈನಿನಲ್ಲಿ ನಿಂತು
ಬ್ರೇಕಿನ ಗಾಳಿ ಬಿಟ್ಟಿತು.
ಸ್ಸ್ಸ್ಸ್ಸ್ಸ್.
ಇಂಪನ ನಿಂತಲ್ಲೇ, ಆಗಷ್ಟೇ ಒರೆಸಿದ್ದ ನೆಲದ ಮೇಲೆ,
ಗಂಭೀರವಾಗಿ ತನ್ನ ಪಾದ ನೋಡಿಕೊಂಡಳು.

ಅಂದಿನಿಂದ ಅದರ ಹೆಸರೇ ಗಾಡಿ.
‘ಗಾಡಿ ಬಂತು’ ಅನ್ನುವಷ್ಟರಲ್ಲಿ
ಬಂದು, ಹೋಗಿಯೂ ಆಗಿರುತ್ತದೆ.
ಬೇಲಿಯ ಮೇಲೆ ದಿನಕ್ಕೆ ಒಂಬತ್ತು ಚಡ್ಡಿ, ಕೆಂಪು, ಹಸಿರು.
‘ಡ್ರೈವರುಗಳಿಗೆ ದಿಕ್ಕು ತಪ್ಪೀತು ಕಣೇ’
ಅನ್ನುತ್ತಾರೆ ಇವರು, ಬೂಟಿನ ದಾರ ಬಿಗಿಯುತ್ತ.

ನಿನ್ನೆ ರಾತ್ರಿ ಮೂರು ಗಂಟೆ.
ಇವರು ಕ್ಯಾಬಿನ್ನಿನಲ್ಲಿ ಡ್ಯೂಟಿ.
ಕತ್ತಲಲ್ಲಿ ಬೆಚ್ಚನೆಯ ಕೈಯೊಂದು ನನ್ನ ಕೆನ್ನೆ ತಟ್ಟಿತು:
‘ಅಮ್ಮ, ಗಾಡಿ.’
ಹಳಿಯ ಮೇಲೆ ಯಾವ ಸದ್ದೂ ಇರಲಿಲ್ಲ.
ಹಾಸಿಗೆ ತಡವಿದೆ. ಒಣಗಿತ್ತು!
ಎತ್ತಿಕೊಂಡು ಓಡಿ, ದೀಪ ಹಾಕಿದರೆ
ಬಾತುಕೋಳಿಯ ಮೇಲೆ ಗೊಂಬೆ ಕೂತಿದೆ.
ತೆಗೆಯಲು ಕೈ ಚಾಚಿದೆ.
‘ಬೇಡ, ಪಾಪುದು ಇನ್ನೂ ಆಗಿಲ್ಲ’
ಅಂದಳು ಇಂಪನ,
ಎರಡೂ ತೊಡೆ ಬಿಗಿಹಿಡಿದು,
ಕಾಯುತ್ತ.