ಮಂಗಳವಾರದ ಮಾತ್ರೆ

ಹಲ್ ಪಟ್ಟಣದ ಹೆಸಲ್ ರಸ್ತೆಯಲ್ಲಿ ನಮ್ಮ ಔಷಧಿ ಅಂಗಡಿ.
ಒಂದು ಮಗ್ಗುಲಿಗೆ ಮೀನು ಕರಿಯುವವನು,
ಇನ್ನೊಂದಕ್ಕೆ ಬೀಗ ಜಡಿದ ಬ್ಯಾಂಕು.
ಶನಿವಾರ, ಬಾಗಿಲೆಳೆಯಲು ಇಪ್ಪತ್ತು ನಿಮಿಷವಿರುವಾಗ
ಸ್ಟ್ಯಾನ್ ಹೆಬಲ್‌ವೈಟ್ ಬಂದ, ಕೈಯಲ್ಲಿ ಬ್ರೆಡ್ಡಿನ ಚೀಲ,
ಚೀಲದ ತುಂಬ ಡೋರೀನಳ ಔಷಧಿ.

"ಬೇರೆ ಯಾರಿಗಾದರೂ ಆದೀತೇ? ಕೆಲವನ್ನು ಒಡೆದೇ ಇಲ್ಲ."
ಆಗದು ಎಂದೆ. ಒಮ್ಮೆ ಹೊಸ್ತಿಲು ದಾಟಿದ ಮದ್ದು
ಮತ್ತೆ ಕಪಾಟು ಹತ್ತುವಂತಿಲ್ಲ.
ಯಾವ ಕಿಟಕಿಯ ಬಿಸಿಲಲ್ಲಿತ್ತೋ, ಯಾವ ಒಲೆಯ ಪಕ್ಕ ಕೂತಿತ್ತೋ.
ನೀಲಿ ಡಬ್ಬಕ್ಕೆ, ಅಲ್ಲಿಂದ ಬೆಂಕಿಗೆ.
ತಲೆಯಾಡಿಸಿದ.
ಹದಿನೈದಕ್ಕೇ ಐಸ್‌ಲ್ಯಾಂಡಿನ ಕಡಲಿಗೆ ಬಲೆ ಎಳೆಯಲು ಹೋದವನಿಗೆ
ಮರಳಿ ಬಾರದ್ದರ ಬಗ್ಗೆ ನಾನೇನು ಹೇಳಲಿ.

ಒಂದೊಂದೇ ಹೊರಗಿಟ್ಟೆ.
ರಕ್ತದೊತ್ತಡಕ್ಕೆ ಇದು. ಕೆಲವರಿಗೆ ಒಣಕೆಮ್ಮು ತರುತ್ತದೆ,
ಅವಳಿಗೂ ತಂದಿತ್ತು. ಚಳಿಗಾಲವೆಲ್ಲ ಜೇನು ನೆಕ್ಕಿ
ನನಗೆ ಹೇಳಿದ್ದು ಏಪ್ರಿಲಿನಲ್ಲಿ; ಆಮೇಲೆ ಬದಲಾಯಿತು.
ಕೊಬ್ಬಿಗೆ ಇದು. ಗ್ರೇಪ್‌ಫ್ರೂಟ್ ರಸ ಬೇಡ ಎಂದಾಗ
"ಈ ಬೀದಿಯಲ್ಲಿ ಅದನ್ನು ಕುಡಿಯುವವರಿದ್ದಾರೆಯೇ?" ಎಂದು ನಕ್ಕಿದ್ದಳು.
ಆಮೇಲೆ ನಾವೇ ತುಂಬಿ ಕಳಿಸಿದ ವಾರದ ಡಬ್ಬಿಗಳು,
ಚನ್ನೆಮಣೆಯ ಒಂದು ಸಾಲಿನ ಹಾಗೆ ಏಳು ಕುಳಿ.
ನಾಲ್ಕು ವಾರದ ನಾಲ್ಕು ಡಬ್ಬಿ. ಎಲ್ಲ ಬರಿದು,
ಮಂಗಳವಾರದ ಕುಳಿಯಲ್ಲಿ ಮಾತ್ರ
ಒಂದೊಂದು ಬಿಳಿಯ ನೀರಿನ ಮಾತ್ರೆ
ನಾಲ್ಕು ಸಲ ನನ್ನನ್ನು ನೋಡಿತು.

"ಮಂಗಳವಾರ ಏನಿತ್ತು, ಸ್ಟ್ಯಾನ್?"
"ಬಿಂಗೋ. ಎರಡು ಬಸ್ಸು ಹಿಡಿಯಬೇಕು.
ದಾರಿಯಲ್ಲಿದ್ದ ಒಂದು ಶೌಚಾಲಯವನ್ನೂ ಮುಚ್ಚಿಬಿಟ್ಟರಲ್ಲ."

ಪೆಟ್ಟಿಗೆಯೊಳಗಿನ ಹಾಳೆ ಬಿಡಿಸಿದರೆ ಸೀರೆಯ ನೆರಿಗೆಯಷ್ಟು ಮಡಿಕೆ.
ಹತ್ತರಲ್ಲಿ ಒಬ್ಬರಿಗೆ ಇಂಥದ್ದು, ನೂರರಲ್ಲಿ ಒಬ್ಬರಿಗೆ ಅಂಥದ್ದು,
ಹತ್ತು ಸಾವಿರದಲ್ಲಿ ಒಬ್ಬರಿಗೆ ಹೆಸರೇ ತಿಳಿಯದ್ದು.
ಬಸ್ಸು ಬದಲಿಸುವ ಒಬ್ಬಳಿಗೆ ಎಂದು
ಯಾವ ಮಡಿಕೆಯಲ್ಲೂ ಬರೆದಿಲ್ಲ.

ನನ್ನ ಭಾಷೆಯಲ್ಲಿ ಮದ್ದು ಎಂದರೆ ಔಷಧಿ,
ಮದ್ದು ಎಂದರೆ ತೋಪಿಗೆ ತುಂಬುವುದು,
ಮದ್ದು ಎಂದರೆ ಅನ್ನದಲ್ಲಿ ಕಲಸಿ ಹಗೆಗೆ ಇಕ್ಕುವುದು.
ಯಾವುದೆಂದು ಹೇಳುವುದು ಅಳತೆ ಒಂದೇ.
ಶಾಲೆಯಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು
ಪೆನ್ಸಿಲಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ.
ಒಂದು ಮಾತ್ರೆ ಕಮ್ಮಿಯಾದರೆ ಸಾಲು ಕುಂಟುತ್ತದೆ ಎನ್ನುತ್ತಿದ್ದರು ಮೇಷ್ಟ್ರು.
ಡೋರೀನಳ ವಾರ ಕುಂಟಿತ್ತೇ?
ಬುಧವಾರಗಳಲ್ಲಿ ಅವಳ ಷೂ ಬಿಗಿಯಾಗುತ್ತಿತ್ತೇ?

ಅದರಿಂದಲೇ ಹೋದಳೆಂದಲ್ಲ. ಗೊತ್ತಿಲ್ಲ.
ತಿಂಗಳಿಗೊಮ್ಮೆ ನಾನು ಕೇಳಿದ್ದೆ: "ಏನಾದರೂ ತೊಂದರೆ?"
"ಇಲ್ಲ ಲವ್" ಎಂದಿದ್ದಳು.
ನಾನು ಕೇಳಿದ್ದು ಮೈಯ ಬಗ್ಗೆ, ಅವಳು ಹೇಳಿದ್ದು ನಿಜ.
ಬಿಂಗೋ ದಿನ ಮನೆಗೆ ಬಂದು ನುಂಗಿ, ಮಧ್ಯಾಹ್ನವಾದರೂ ಸರಿ,
ಒಂದು ಮಾತು ಡಾಕ್ಟರನ್ನು ಕೇಳಿ ಹೇಳಬಹುದಿತ್ತು.
ಐದು ಸೆಕೆಂಡಿನ ಮಾತು.

ನೀಲಿ ಡಬ್ಬದೊಳಗೆ ಮಾತ್ರೆಗಳು ಬಿದ್ದ ಸದ್ದು
ಹೆಂಚಿನ ಮೇಲೆ ಸಾಸಿವೆ ಸಿಡಿದ ಹಾಗಿತ್ತು.
ಸ್ಟ್ಯಾನ್ ಮೂಗೊರೆಸಿಕೊಂಡು
ನೆಗಡಿಗೆ ಬಿಸಿನೀರಿಗೆ ಬೆರೆಸುವ ನಿಂಬೆ ಪುಡಿ ಕೇಳಿದ.
"ಬೇರೆ ಏನು ತಗೊಳ್ತಿದ್ದೀಯ?"
ಕೋಟಿನ ಜೇಬಿನಿಂದ ಪ್ಯಾರಸಿಟಮಾಲ್ ಹಾಳೆ ಬಂತು,
ಇವತ್ತಿನವು ಆರು ಆಗಲೇ ಖಾಲಿ.
ಪುಡಿಯಲ್ಲಿರುವುದೂ ಅದೇ ಕಣಯ್ಯ, ವೇಷ ಮಾತ್ರ ನಿಂಬೆಯದು.
ಎರಡೂ ಕೂಡಿದರೆ ಯಕೃತ್ತು ಲೆಕ್ಕ ಇಡುತ್ತದೆ, ಸದ್ದಿಲ್ಲದೆ.
ಪುಡಿಯನ್ನು ವಾಪಸು ಇಟ್ಟೆ. ಉಪ್ಪುನೀರು ಮುಕ್ಕಳಿಸು ಎಂದೆ.

"ಅವಳಿದ್ದಿದ್ದರೆ ಗೊತ್ತಾಗುತ್ತಿತ್ತು" ಎಂದ.
ಅವಳ ನಾಲ್ಕು ಮಂಗಳವಾರಗಳು ನನಗೆ ಗೊತ್ತೆನ್ನಲಿಲ್ಲ.

ದೀಪ ಆರಿಸುವ ಮುಂಚೆ ಕೇಳಿದೆ:
"ನೀನು ಎಲ್ಲಿಗಾದರೂ ಹೋಗುತ್ತೀಯ, ವಾರದಲ್ಲಿ? ಬಸ್ಸು ಎಷ್ಟಕ್ಕೆ?"
ಹೊತ್ತು ಕಳೆಯಲು ಆಡಿದ ಮಾತು ಎಂದುಕೊಂಡಿರಬೇಕು.
ಬಾಗಿಲಿಗೆ ಒರಗಿ, ಬೆರಳು ಮಡಚುತ್ತ
ಗುರುವಾರದಿಂದ ಶುರುಮಾಡಿದ.